ಆಟಿಸಂ ಮಗುವಿಗೆ ಸೌಲಭ್ಯ: ತಾಂಡಾದಲ್ಲಿದ್ದರೂ, ಓಣಿಯಲ್ಲಿದ್ದರೂ ಎಲ್ಲಿಂದ ಶುರು ಮಾಡಬೇಕು

ಜಿಲ್ಲಾಸ್ಪತ್ರೆಯ ವರಾಂಡಾದಲ್ಲಿ ಕೂತಿದ್ದೆವು. ಅಕ್ಕನ ಮಗನಿಗೆ ಆಗ ಐದು ವರ್ಷ. ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತ ಎರಡೂ ಕೈ ಬಡಿಯುತ್ತಿದ್ದ. ಅರ್ಜಿ ತೆಗೆದುಕೊಂಡವರು ಹುಡುಗನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ‘ಕೈಕಾಲು ಚಲೋ ಅದಾವಲ್ರಿ, ಇವಂಗ್ಯಾಕ ಅಂಗವಿಕಲ ಸರ್ಟಿಫಿಕೇಟು?’ ಅಂದರು. ಅಕ್ಕ ಏನೂ ಮಾತಾಡದೆ ಫೈಲು ಮಡಚಿಕೊಂಡು ಎದ್ದಳು. ಅವಳನ್ನು ಮತ್ತೆ ಅದೇ ವರಾಂಡಾಕ್ಕೆ ಕರೆತರಲು ನನಗೆ ಏಳು ತಿಂಗಳು ಹಿಡಿಯಿತು.

ಆ ಏಳು ತಿಂಗಳಲ್ಲಿ ಕಲಿತದ್ದು, ಆಮೇಲೆ ಕೊಪ್ಪಳ ಸೀಮೆಯ ಹಳ್ಳಿ, ತಾಂಡಾ, ಮುಸ್ಲಿಂ ಓಣಿಗಳ ಮನೆಯವರ ಜೊತೆ ಕಚೇರಿ ಅಲೆದು ಕಲಿತದ್ದು ಇಲ್ಲಿದೆ. ಆಟಿಸಂ ಅಂದರೆ ಮಗುವಿನ ಮಾತು, ಜನರೊಡನೆ ಬೆರೆಯುವ ರೀತಿ, ವರ್ತನೆ ಬೇರೆಯೇ ಆಗಿರುವ ಬೆಳವಣಿಗೆಯ ವೈಕಲ್ಯ. ಅದಕ್ಕೆ ಸರ್ಕಾರದ ಹಣ ಇಲ್ಲವೇ ಇಲ್ಲ ಅನ್ನುವುದು ತಪ್ಪು. ಇದೆ. ಆದರೆ ಒಂದೇ ಕಡೆ ಇಲ್ಲ. ನಾಡಕಚೇರಿಯಲ್ಲಿ ಒಂದಿಷ್ಟು, ಪಂಚಾಯಿತಿಯಲ್ಲಿ ಒಂದಿಷ್ಟು, ಬಿಇಒ ಕಚೇರಿ ಪಕ್ಕದ ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ ಬಿಆರ್‌ಸಿಯಲ್ಲಿ ಒಂದಿಷ್ಟು, ದೆಹಲಿಯ ರಾಷ್ಟ್ರೀಯ ನ್ಯಾಸದಲ್ಲಿ (ನ್ಯಾಷನಲ್ ಟ್ರಸ್ಟ್) ಒಂದಿಷ್ಟು ಹಂಚಿಹೋಗಿದೆ. ಬೆಂಗಳೂರಿನ ಪಾಲಕರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿ ತಿಳಿದುಕೊಳ್ಳುತ್ತಾರೆ. ಗುಳೆ ಹೋಗಿ ಬರುವ ತಾಯಿಗೆ ಹೇಳುವವರು ಯಾರು?

ಮೊದಲು ಕಾನೂನಿನ ಎರಡು ಮಾತು, ಕಚೇರಿಯಲ್ಲಿ ವಾದಕ್ಕೆ ಬೇಕಾಗುತ್ತದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಇದ್ದದ್ದು ಏಳೇ ವೈಕಲ್ಯ, ಆಟಿಸಂ ಅದರಲ್ಲಿ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಆಟಿಸಂ, ಸರ್ಕಾರಿ ಕಾಗದದಲ್ಲಿ ‘ಸ್ವಲೀನತೆ’, ಈಗ ಆ ಪಟ್ಟಿಯಲ್ಲಿದೆ. ಹಾಗಾಗಿ ‘ಕೈಕಾಲು ಚಲೋ ಅದಾವಲ್ಲ’ ಅನ್ನುವವರಿಗೆ ‘2016ರ ಕಾಯ್ದೆ ನೋಡ್ರಿ’ ಅಂದರೆ ಸಾಕು. ನಾವು ಅವತ್ತು ಅನ್ನಲಿಲ್ಲ, ಗೊತ್ತಿರಲಿಲ್ಲ.

1. ಆಸ್ಪತ್ರೆಗೆ ಮುಂಚೆ: ಒಂದು ನೋಟ್‌ಬುಕ್ಕು, ಎರಡು ವಿಡಿಯೊ

ವೈದ್ಯರ ಮುಂದೆ ಮಗು ಇರುವುದು ಹತ್ತು ನಿಮಿಷ. ಹೊಸ ಜಾಗದಲ್ಲಿ ಅದು ಒಂದೋ ಕಿರುಚುತ್ತದೆ, ಇಲ್ಲವೇ ಮೂಲೆ ಹಿಡಿದು ಸುಮ್ಮನಾಗುತ್ತದೆ. ಮನೆಯಲ್ಲಿ ಹೇಗಿರುತ್ತದೆ ಅನ್ನುವುದು ಅವರಿಗೆ ಕಾಣುವುದಿಲ್ಲ. ಅದಕ್ಕೆ ಒಂದು ವಾರ ಬರೆದಿಡಿ: ಹತ್ತು ಸಲ ಹೆಸರು ಹಿಡಿದು ಕರೆದರೆ ಎಷ್ಟು ಸಲ ತಿರುಗುತ್ತದೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತದೋ ಅಥವಾ ನಿಮ್ಮ ಕೈ ಹಿಡಿದು ಎಳೆಯುತ್ತದೋ, ಮೊದಲು ಬರುತ್ತಿದ್ದ ಮಾತು ನಿಂತಿದೆಯೋ, ರಾತ್ರಿ ಎಷ್ಟಕ್ಕೆ ಎದ್ದು ಕೂರುತ್ತದೆ. ಬರೆಯಲು ಬಾರದಿದ್ದರೆ ಮೊಬೈಲಿನಲ್ಲಿ ಎರಡೆರಡು ನಿಮಿಷದ ವಿಡಿಯೊ ಸಾಕು. ಒಂದು ಮಗು ತಾನಾಗೇ ಆಡುವಾಗ, ಇನ್ನೊಂದು ಮನೆಯವರು ಮಾತಾಡಿಸುವಾಗ.

2. ಎಲ್ಲಿಗೆ ಹೋಗಬೇಕು

ಅಂಗನವಾಡಿಗೆ ಹೋಗುವ ಮಗುವಾದರೆ ಟೀಚರಿಗೆ ಹೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ (ಆರ್‌ಬಿಎಸ್‌ಕೆ ಅಂದರೇ ಎಲ್ಲರಿಗೂ ಗೊತ್ತು) ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕು. 2013ರಲ್ಲಿ ಶುರುವಾದ ಈ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ. ಅವರ ಚೀಟಿ ಹಿಡಿದು ಜಿಲ್ಲಾಸ್ಪತ್ರೆಯ ಡಿಇಐಸಿಗೆ (ಮಕ್ಕಳ ಬೆಳವಣಿಗೆಯ ತೊಂದರೆಯನ್ನು ಬೇಗ ಗುರುತಿಸಿ ನೋಡುವ ಕೇಂದ್ರ) ಹೋದರೆ ತಪಾಸಣೆ ಉಚಿತ. ತಂಡ ಬಂದ ದಿನ ನೀವು ಹೊಲದಲ್ಲಿದ್ದರೆ ಮಗು ತಪ್ಪಿಹೋಯಿತು ಅಂತಲೇ ಲೆಕ್ಕ. ಆದ್ದರಿಂದ ಮುಂದಿನ ಭೇಟಿ ಯಾವಾಗ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ.

ಮಾತು ಬಾರದ ಮಗುವಿಗೆ ಮೊದಲು ಕಿವಿ ಪರೀಕ್ಷೆ ಆಗಲೇಬೇಕು. ಅದಿಲ್ಲದೆ ಆಟಿಸಂ ಅಂದರೂ ನಂಬಬೇಡಿ, ಅಲ್ಲ ಅಂದರೂ ನಂಬಬೇಡಿ. ಮನೋವೈದ್ಯರಿಗಾಗಿ ದೂರ ಹೋಗುವ ಮುನ್ನ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆಯೇ ವಿಚಾರಿಸಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನವರು ಕನ್ನಡದಲ್ಲೇ ಮಾತಾಡಿ ದಾರಿ ಹೇಳುತ್ತಾರೆ. ಹೆಚ್ಚಿನ ತಪಾಸಣೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇವೆ. ಮೈಸೂರಿನದು 1965ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ, ಖರ್ಚು ಕಡಿಮೆ, ಮನೆಯಲ್ಲಿ ಏನು ಮಾಡಬೇಕೆಂದು ತಾಯಂದಿರಿಗೂ ಕಲಿಸುತ್ತಾರೆ.

ಇಲ್ಲೊಂದು ಮಾತು, ಇದಕ್ಕೆ ನನಗೆ ಸಿಟ್ಟಿದೆ. ಮನೆಯಲ್ಲಿ ಲಂಬಾಣಿಯೋ ಉರ್ದುವೋ ಮಾತಾಡುವವರಿಗೆ ‘ಎರಡು ಭಾಷೆ ಕಿವಿಗೆ ಬಿದ್ದರೆ ಗೊಂದಲ ಆಗುತ್ತದೆ, ಇನ್ನು ಮೇಲೆ ಬರೀ ಕನ್ನಡ ಮಾತಾಡಿ’ ಅಂತ ಸಲಹೆ ಕೊಡುವವರು ಇನ್ನೂ ಇದ್ದಾರೆ. ಎರಡು ಭಾಷೆಯಿಂದ ಆಟಿಸಂ ಮಕ್ಕಳ ಮಾತು ಇನ್ನಷ್ಟು ತಡವಾಗುತ್ತದೆ ಅನ್ನುವುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ಅಜ್ಜಿಗೆ ಬರುವುದು ಅದೊಂದೇ ಭಾಷೆ. ಅದನ್ನೂ ಕಿತ್ತುಕೊಂಡರೆ ಇಡೀ ದಿನ ಆ ಮಗುವಿನ ಜೊತೆ ಮಾತಾಡುವವರೇ ಉಳಿಯುವುದಿಲ್ಲ. ಮನೆಮಾತು ಬಿಡಬೇಡಿ.

3. ಯುಡಿಐಡಿ ಕಾರ್ಡು: ಎಲ್ಲ ಬಾಗಿಲಿಗೂ ಇದೇ ಕೀಲಿ

ಯುಡಿಐಡಿ ಅಂದರೆ ಅಂಗವಿಕಲರ ಗುರುತಿನ ಚೀಟಿ, ಅಂಗವಿಕಲ ಸರ್ಟಿಫಿಕೇಟಿಗೂ ಇದೇ ಅರ್ಜಿ. ಇದಕ್ಕೆ ಹೆಚ್ಚು ಸಮಯ ಕೊಡಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ. ಗ್ರಾಮ ಒನ್‌ನಲ್ಲೋ ಸೈಬರ್ ಸೆಂಟರ್‌ನಲ್ಲೋ ಹಾಕಿಸಬಹುದು, ಆಧಾರ್, ಫೋಟೊ, ವಿಳಾಸದ ದಾಖಲೆ ಬೇಕು.

ಆಧಾರ್ ಇಲ್ಲದಿದ್ದರೆ ಅದೇ ಮೊದಲ ಯುದ್ಧ. ಐದು ದಾಟಿದ ಮಗುವಿನ ಬೆರಳಚ್ಚು, ಕಣ್ಣು ತೆಗೆಯಬೇಕು. ನಮ್ಮ ಹುಡುಗ ಕಣ್ಣಿನ ಯಂತ್ರ ಮುಖದ ಹತ್ತಿರ ಬಂದದ್ದೇ ಟೇಬಲ್ ಕೆಳಗೆ ಹೋಗಿ ಕೂತ. ಮೂರನೇ ಸಲಕ್ಕೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದೆವು, ಜನ ಇರಲಿಲ್ಲ. ಹಿಂದಿನ ವಾರವಿಡೀ ಮನೆಯಲ್ಲಿ ಗಾಜಿನ ಲೋಟದ ತಳಕ್ಕೆ ಬೆರಳು ಒತ್ತುವ ಆಟ ಆಡಿಸಿದ್ದೆವು. ನಾಲ್ಕು ನಿಮಿಷದಲ್ಲಿ ಮುಗಿಯಿತು.

ಅರ್ಜಿಯಲ್ಲಿ ಕೊಡುವ ಮೊಬೈಲ್ ನಂಬರು ಬದಲಾಗದ ನಂಬರಾಗಿರಲಿ. ಕಬ್ಬು ಕಡಿಯಲು ಹೋದವರು ಸಿಮ್ ಬದಲಿಸಿದರೆ ಆಸ್ಪತ್ರೆಯ ಕರೆ, ಒಟಿಪಿ ಎರಡೂ ಹೋದಂತೆ. ಊರಲ್ಲೇ ಇರುವ ಚಿಕ್ಕಪ್ಪನದೋ ಶಾಲೆ ಮೇಷ್ಟ್ರದೋ ಕೊಟ್ಟರೂ ನಡೆಯುತ್ತದೆ, ಅವರನ್ನು ಕೇಳಿ ಕೊಡಿ. ಕಾರ್ಡು ಅಂಚೆಯಲ್ಲಿ ಬರುತ್ತದೆಂದು ಕಾಯಬೇಡಿ, ಪೋರ್ಟಲ್‌ನಿಂದಲೇ ಇಳಿಸಿಕೊಳ್ಳಿ.

ಆಸ್ಪತ್ರೆಯಲ್ಲಿ ಆಟಿಸಂ ಅಳೆಯುವುದಕ್ಕೆ ಇಸಾ ಎಂಬ ಭಾರತೀಯ ಮಾಪಕ ಇದೆ. ನಲವತ್ತು ಅಂಶ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ ಅಂತ ಅರ್ಥ. ಅಂಕ ಕೊಡುವುದು ಆ ವರ್ತನೆ ಎಷ್ಟು ಸಲ ಕಾಣುತ್ತದೆ ಅನ್ನುವುದರ ಮೇಲೆ. ನಮ್ಮ ತಾಯಂದಿರು ಎಡವುವುದು ಇಲ್ಲೇ. ‘ಕರೆದರೆ ಬರ್ತಾನೇನಮ್ಮಾ?’ ಅಂದರೆ ‘ಬರ್ತಾನ್ರಿ’ ಅಂದುಬಿಡುತ್ತಾರೆ. ಹತ್ತು ಸಲ ಕರೆದರೆ ಒಂದು ಸಲ ಬರುತ್ತಾನೆ, ಆ ಒಂದು ಸಲ ಅವರಿಗೆ ದೊಡ್ಡದು. ದೊಡ್ಡ ಮನುಷ್ಯರ ಮುಂದೆ ಮಗನ ಕೊರತೆ ಹೇಳಲು ಬಾಯಿ ಬರುವುದಿಲ್ಲ, ಅತ್ತೆ ಪಕ್ಕದಲ್ಲಿದ್ದರಂತೂ ಇಲ್ಲವೇ ಇಲ್ಲ. ಹೆಚ್ಚು ಹೇಳುವುದು ಬೇಡ, ಆದರೆ ಮುಚ್ಚಿಡುವುದೂ ಬೇಡ. ನೋಟ್‌ಬುಕ್ಕು ನೋಡಿಕೊಂಡು ಲೆಕ್ಕ ಹೇಳಿ: ‘ಹತ್ತರಲ್ಲಿ ಒಂದು ಸಲ.’ ಪ್ರಶ್ನೆ ಅರ್ಥವಾಗದಿದ್ದರೆ ಉರ್ದು, ಲಂಬಾಣಿ ಬರುವವರು ಯಾರಾದರೂ ಜೊತೆಗಿರಲಿ. ತಾಯಿಗೆ ಕನ್ನಡ ಅಷ್ಟಕ್ಕಷ್ಟೇ ಅನ್ನುವ ಕಾರಣಕ್ಕೆ ಮಗುವಿನ ಅಂಕ ಏರುಪೇರಾದ ಎರಡು ಪ್ರಕರಣ ನಾನೇ ನೋಡಿದ್ದೇನೆ.

ಸರ್ಟಿಫಿಕೇಟ್ ಕೈಗೆ ಬಂದಾಗ ಮೂರು ಕಡೆ ನೋಡಿ. ವೈಕಲ್ಯದ ಹೆಸರು ಆಟಿಸಂ ಅಂತಲೇ ಇದೆಯೇ ಅಥವಾ ರೂಢಿಯಂತೆ ‘ಬುದ್ಧಿಮಾಂದ್ಯ’ ಅಂತ ಹಾಕಿದ್ದಾರೆಯೇ? ಪ್ರಮಾಣ ಶೇ 40 ಅಥವಾ ಅದಕ್ಕಿಂತ ಹೆಚ್ಚಿದೆಯೇ? ಹೆಚ್ಚಿನ ಸೌಲಭ್ಯಕ್ಕೆ ಅದೇ ಗೆರೆ. ತಾತ್ಕಾಲಿಕವೋ ಶಾಶ್ವತವೋ? ಚಿಕ್ಕ ಮಕ್ಕಳಿಗೆ ತಾತ್ಕಾಲಿಕ ಕೊಡುತ್ತಾರೆ, ಮುಗಿಯುವ ದಿನಾಂಕ ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಹೆಸರು ಸರಿ ಇರಬೇಕು ಅಂತ ಒತ್ತುವುದು ಸುಮ್ಮನೆ ಅಲ್ಲ. 2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರನ್ನು ಎಣಿಸಿತು, ಅದರಲ್ಲಿ ಆಟಿಸಂಗೆ ಬೇರೆ ಕಾಲಂ ಇರಲಿಲ್ಲ. ಎಷ್ಟು ಮಕ್ಕಳಿದ್ದಾರೆ ಅಂತ ತಾಲ್ಲೂಕಿನಲ್ಲಿ ಕೇಳಿದರೆ ತೋರಿಸುವುದು ಯುಡಿಐಡಿ ಪಟ್ಟಿ. ಅದರಲ್ಲಿ ಮೂರೇ ಹೆಸರಿದ್ದರೆ ಥೆರಪಿಸ್ಟ್ ಹುದ್ದೆ ಯಾಕೆ ಬೇಕು ಅನ್ನುತ್ತಾರೆ.

4. ಮಾಸಾಶನ, ನಿರಾಮಯ, ಬಸ್ ಪಾಸು

ಅಂಗವಿಕಲ ಮಾಸಾಶನಕ್ಕೆ ಅರ್ಜಿ ನಾಡಕಚೇರಿಯಲ್ಲಿ. ಶೇ 40ರಿಂದ 74ರವರೆಗೆ ಒಂದು ಮೊತ್ತ, 75 ಮತ್ತು ಮೇಲಿದ್ದರೆ ಅದಕ್ಕಿಂತ ಹೆಚ್ಚು. ಈಗ ಎಷ್ಟು ಅಂತ ಅಲ್ಲೇ ಕೇಳಿ. ಆದಾಯದ ಮಿತಿ ಇದೆ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಕೊಳ್ಳಿ. ಮಗುವಿನ ಹೆಸರಿನ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಅಂತ ಬ್ಯಾಂಕಿನಲ್ಲಿ ‘ಎನ್‌ಪಿಸಿಐ ಮ್ಯಾಪಿಂಗ್’ ಅಂತಲೇ ಕೇಳಿ. ಮಂಜೂರಾಗಿಯೂ ಹಣ ಬಾರದಿರುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆಯ ರಸೀದಿ ತೆಗೆದುಕೊಳ್ಳದೆ ಎದ್ದು ಬರಬೇಡಿ. ‘ಇಟ್ಟು ಹೋಗ್ರಿ, ನೋಡೋಣ’ ಅಂದರೆ ಆ ಅರ್ಜಿ ಇಟ್ಟಲ್ಲೇ ಇರುತ್ತದೆ.

ನಿರಾಮಯ ಅನ್ನುವುದು ರಾಷ್ಟ್ರೀಯ ನ್ಯಾಸದ ಆರೋಗ್ಯ ವಿಮೆ. 1999ರ ಕಾಯ್ದೆಯ ಕೆಳಗೆ ಬರುವ ನ್ಯಾಸ ಅದು, ಆಟಿಸಂ ಅದರ ನಾಲ್ಕು ವೈಕಲ್ಯಗಳಲ್ಲಿ ಒಂದು. ವರ್ಷಕ್ಕೆ 1 ಲಕ್ಷದವರೆಗೆ, ಹೊರರೋಗಿ ಚಿಕಿತ್ಸೆ, ಥೆರಪಿಯೂ ಸೇರಿ. ಬಿಪಿಎಲ್ ಕುಟುಂಬಕ್ಕೆ ಸೇರ್ಪಡೆಗೆ 250, ಉಳಿದವರಿಗೆ 500 ರೂಪಾಯಿ. ವಿಮೆಗೆ ಮುಂಚೆ ಮೆಡಿಕಲ್ ಪರೀಕ್ಷೆ ಇಲ್ಲ. ಕೇಳಲು ಚೆನ್ನಾಗಿದೆ. ಆದರೆ ಮೊದಲು ಕೈಯಿಂದ ಖರ್ಚು ಮಾಡಿ, ಬಿಲ್ಲು ಕಳಿಸಿ, ಆಮೇಲೆ ಹಣ. ಕೂಲಿಯವರ ಕೈಯಲ್ಲಿ ಮುಂಗಡ ಎಲ್ಲಿಂದ ಬರಬೇಕು? ಬೆಂಗಳೂರಿನ ಮಗು ವಾರಕ್ಕೆ ಮೂರು ಸಲ ಥೆರಪಿಗೆ ಹೋಗಿ ಮೂರು ಬಿಲ್ಲು ತರುತ್ತದೆ. ತಾವರಗೇರಾ ಕಡೆಯ ಮಗುವಿಗೆ ಬಿಲ್ಲು ಕೊಡುವ ಥೆರಪಿಸ್ಟೇ ಹತ್ತಿರ ಇಲ್ಲ. ಕಾಗದದ ಮೇಲೆ ಇಬ್ಬರಿಗೂ ಒಂದೇ ಲಕ್ಷ. ಹಾಗಂತ ಬಿಡಬೇಡಿ. ವರ್ಷಕ್ಕೆರಡು ಸಲ ಧಾರವಾಡಕ್ಕೆ ಹೋದ ಚೀಟಿ, ಔಷಧದ ಬಿಲ್ಲು, ಬಸ್ ಟಿಕೆಟ್ಟು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕುತ್ತ ಹೋಗಿ, ಬಂದ ವಾರವೇ ಕಳಿಸಿ.

ಬಸ್ಸು: 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಟಿಕೆಟ್ ಇಲ್ಲ. ಗಂಡುಮಗುವಿಗೆ ಇದೆ. ಸೇವಾಸಿಂಧುವಿನಲ್ಲಿ ಅಂಗವಿಕಲರ ರಿಯಾಯಿತಿ ಪಾಸಿಗೆ ಅರ್ಜಿ ಹಾಕಿ, ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್ ವ್ಯಾಪ್ತಿ. ಕೊಪ್ಪಳದಿಂದ ಧಾರವಾಡ ಆ ನೂರರ ಆಚೆಗಿದೆ ಅನ್ನುವುದು ಬೇರೆ ಮಾತು.

ಇನ್ನೊಂದು ಎಚ್ಚರ. ಸ್ಟೆಮ್ ಸೆಲ್ ಇಂಜೆಕ್ಷನ್ನಿನಿಂದ ಆಟಿಸಂ ವಾಸಿ ಅಂತ ಹೇಳಿದರೆ ಹೊಲ ಮಾರಬೇಡಿ. ಆಟಿಸಂಗೆ ಆ ಚಿಕಿತ್ಸೆ ಶಿಫಾರಸು ಮಾಡುವಂಥದ್ದಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಹೇಳಿದೆ.

5. ಶಾಲೆ

ಶೇ 40 ದಾಟಿದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ 2016ರ ಕಾಯ್ದೆಯ ಹಕ್ಕು. ‘ವಿಶೇಷ ಶಾಲೆಗೆ ಹಾಕ್ರಿ’ ಅಂದರೆ ‘ಹೌದಾ, ತಾಲ್ಲೂಕಿನಲ್ಲಿ ಎಲ್ಲಿದೆ, ಬರೆದು ಕೊಡ್ರಿ’ ಅನ್ನಿ. ದಾಖಲಾತಿ ಮಾಡಿಕೊಂಡುಬಿಡುತ್ತಾರೆ. ಬಿಆರ್‌ಸಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿಐಇಆರ್‌ಟಿ ಅನ್ನುವ ಶಿಕ್ಷಕರು ಇರುತ್ತಾರೆ. ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣ, ಹೋಗಿಬರುವ ಭತ್ಯೆ, ಹೆಣ್ಣುಮಕ್ಕಳಿಗೆ ಶಿಷ್ಯವೇತನ ಸಮಗ್ರ ಶಿಕ್ಷಣ ಯೋಜನೆಯಲ್ಲಿದೆ. ಉರ್ದು ಶಾಲೆಯ ಮಗುವಿಗೂ ಇದೆಲ್ಲ ಉಂಟು. ಪಟ್ಟಿ ಮಾಡುವಾಗ ಉರ್ದು ಶಾಲೆಗಳನ್ನು ಮರೆಯುತ್ತಾರೆ ಅಷ್ಟೆ, ನೆನಪಿಸಬೇಕು.

6. ಪಂಚಾಯಿತಿಯ ಶೇ 5

ಪ್ರತಿ ಗ್ರಾಮ ಪಂಚಾಯಿತಿ ತನ್ನ ಅನುದಾನದಲ್ಲಿ ಶೇ 5ನ್ನು ಅಂಗವಿಕಲರಿಗೆ ತೆಗೆದಿಡಬೇಕು. ಅಲ್ಲಿ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಇರುತ್ತಾರೆ, ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ. ಅವರೂ ಅಂಗವಿಕಲರೇ, ಸಿಗುವ ಗೌರವಧನ ಅಷ್ಟಕ್ಕಷ್ಟೇ, ಅವರ ಮೇಲೆ ರೇಗಿ ಪ್ರಯೋಜನವಿಲ್ಲ. ಜೊತೆಗೆ ಕರೆದುಕೊಂಡು ನಡೆಯಿರಿ.

ನಾನು ನೋಡಿದ ಪಂಚಾಯಿತಿಗಳಲ್ಲಿ ಈ ಹಣ ಮಾರ್ಚ್ ಬಂದಾಗ ಗಡಿಬಿಡಿಯಲ್ಲಿ ಖರ್ಚಾಗುತ್ತದೆ, ಕಣ್ಣಿಗೆ ಕಾಣುವ ಸಾಮಾನಿಗೆ. ಆಟಿಸಂ ಮಗುವಿಗೆ ತ್ರಿಚಕ್ರ ವಾಹನ ಬೇಡ. ಬೇಕಿರುವುದು ಧಾರವಾಡಕ್ಕೆ ಹೋಗಿಬರುವ ಖರ್ಚು, ಅಂಗನವಾಡಿಯಲ್ಲೊಂದು ಜೋಕಾಲಿ, ಚಿತ್ರದ ಕಾರ್ಡುಗಳು, ತಿಂಗಳಿಗೆರಡು ಸಲ ಬರುವ ವಾಕ್ ಚಿಕಿತ್ಸಕರ ಸಂಭಾವನೆ. ಕೇಳಬೇಕಾದ್ದು ಗ್ರಾಮಸಭೆಯಲ್ಲಿ, ಅದೂ ಬರೆದು. ಬಾಯಿಮಾತು ಠರಾವು ಪುಸ್ತಕಕ್ಕೆ ಏರುವುದಿಲ್ಲ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು.

ಹಣ ಏನಾಯಿತು ಅಂತ ತಿಳಿಯದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಇಷ್ಟು ಬರೆದರೆ ಸಾಕು:

‘ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಗೆ, ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಕಳೆದ ಎರಡು ಆರ್ಥಿಕ ವರ್ಷಗಳಲ್ಲಿ ಅಂಗವಿಕಲರಿಗಾಗಿ ಮೀಸಲಿಟ್ಟ ಶೇ 5ರ ಮೊತ್ತ, ಖರ್ಚಾದ ಮೊತ್ತ, ಉಳಿಕೆ, ಫಲಾನುಭವಿಗಳ ಸಂಖ್ಯೆ ವೈಕಲ್ಯವಾರು ಹಾಗೂ ಸಂಬಂಧಿಸಿದ ಸಭಾ ನಡಾವಳಿಯ ದೃಢೀಕೃತ ನಕಲು ಕೊಡಬೇಕಾಗಿ ಕೋರಿಕೆ.’

‘ವೈಕಲ್ಯವಾರು’ ಅನ್ನುವ ಪದ ಬಿಡಬೇಡಿ. ಆಟಿಸಂ ಎದುರಿಗೆ ಸೊನ್ನೆ ಬಂದ ಉತ್ತರವೇ ಮುಂದಿನ ಗ್ರಾಮಸಭೆಗೆ ನಿಮ್ಮ ಅರ್ಜಿ. ಉತ್ತರಕ್ಕೆ 30 ದಿನ. ನಮ್ಮದು 28ನೇ ದಿನ ಬಂತು, ಅದರ ಹಿಂದೆಯೇ ‘ಯಾಕ್ರಿ ಇದೆಲ್ಲಾ, ಬಂದು ಕೇಳಿದ್ರ ಹೇಳ್ತಿದ್ವಿ’ ಅನ್ನುವ ಫೋನೂ ಬಂತು.

ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರಿಗೆ ಇನ್ನೊಂದು ದಾರಿ ಇದೆ, ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ. ಸಂವಿಧಾನದಲ್ಲಿ 371(ಜೆ) ವಿಧಿ ತಂದದ್ದೇ ಹಿಂದುಳಿದ ಸೀಮೆಗೆ ಹೆಚ್ಚು ಕೊಡಬೇಕು ಅಂತ. ರಸ್ತೆ, ಕಟ್ಟಡದ ಬೇಡಿಕೆ ಹಿಡಿದು ಶಾಸಕರ ಹತ್ತಿರ ಹೋಗುವವರು ಬಹಳ. ಡಿಇಐಸಿಗೆ ವಾಕ್ ಚಿಕಿತ್ಸಕರು ಬೇಕು ಅಂತ ಹೋಗುವವರು ಬೇಕಾಗಿದ್ದಾರೆ.

7. ಹದಿನೆಂಟಕ್ಕೆ ಮುಂಚೆ

ಮಗುವಿಗೆ 18 ತುಂಬಿದರೆ ತಂದೆತಾಯಿ ತಾವಾಗೇ ಕಾನೂನಿನ ಪಾಲಕರಲ್ಲ. ಸಹಿ ಹಾಕಲಾಗದ ಮಗನ ಖಾತೆ, ಜಮೀನು ನೋಡಿಕೊಳ್ಳಲು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಕೋರ್ಟು, ವಕೀಲರು ಬೇಕಿಲ್ಲ.

8. ಮನೆಬಾಗಿಲಿಗೆ ಹೋಗುವವರಿಗೆ

ಇದು ಆಶಾ, ಅಂಗನವಾಡಿ, ವಿಆರ್‌ಡಬ್ಲ್ಯೂ, ಸಂಘ-ಸಂಸ್ಥೆಯವರಿಗೆ.

ಶಿಬಿರದ ದಿನಾಂಕ ನಿಮ್ಮ ಅನುಕೂಲಕ್ಕಲ್ಲ, ಅವರ ಅನುಕೂಲಕ್ಕೆ ಇಡಿ. ತಾಂಡಾದವರು ದೀಪಾವಳಿ ಮುಗಿಸಿ ಕಬ್ಬಿಗೆ ಹೊರಟರೆ ಮತ್ತೆ ಕಾಣುವುದು ಯುಗಾದಿ ಹೊತ್ತಿಗೆ. ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನ ಅಂತ ತಾಂಡಾದಲ್ಲಿ ಶಿಬಿರ ಮಾಡಿದರೆ ಸಿಗುವುದು ಮುದುಕರು, ಬೀಗ ಹಾಕಿದ ಮನೆಗಳು. ಮೊದಲು ತಾಂಡಾದ ನಾಯಕರಿಗೆ, ಕಾರಭಾರಿಗೆ ತಿಳಿಸಿ ಹೋಗಿ. ಆಮೇಲೆ ‘ಯಾಡಿ’ಯ (ತಾಯಿಯ) ಜೊತೆ ಒಲೆ ಮುಂದೆ ಕೂತು ಮಾತಾಡಿ. ಮುಸ್ಲಿಂ ಓಣಿಯಲ್ಲಿ ಶುಕ್ರವಾರದ ನಮಾಜಿನ ನಂತರ ಮಸೀದಿಯಲ್ಲಿ ಹೇಳಿಸಿದರೆ ಗಂಡಸರಿಗೆ ಮುಟ್ಟುತ್ತದೆ. ಹೆಂಗಸರಿಗೆ ಮುಟ್ಟಿಸುವವರು ಉರ್ದು ಶಾಲೆಯ ಟೀಚರು, ಸ್ವಸಹಾಯ ಸಂಘದವರು. ಹುಲಿಗೆಮ್ಮನ ಗುಡಿಯಲ್ಲಿ ಮಂಗಳವಾರ, ಶುಕ್ರವಾರ ಜನ ಸೇರುತ್ತಾರೆ. ಮಾತು ಬರಲಿ ಅಂತ ಹರಕೆ ಹೊತ್ತು ಬಂದ ತಾಯಿ ಅಲ್ಲೇ ಸಿಗುತ್ತಾಳೆ. ಹರಕೆ ಬೇಡ ಅನ್ನಬೇಡಿ, ಅವಳ ಜೊತೆ ಮಾತೇ ಮುಗಿದುಹೋಗುತ್ತದೆ. ಹರಕೆಯೂ ಇರಲಿ, ಕಿವಿ ಪರೀಕ್ಷೆಯೂ ಆಗಲಿ.

‘ಆಟಿಸಂ ಮಗು ಇದೆಯಾ?’ ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ‘ಮೂರು ವರ್ಷ ಆದರೂ ಮಾತು ಬಾರದ ಮಗು, ಒಬ್ಬನೇ ಆಡುವ ಮಗು, ಕರೆದರೆ ಕೇಳಿಸದವನ ಹಾಗೆ ಇರುವ ಮಗು’ ಅಂತ ಕೇಳಿ. ಬಾಗಿಲಲ್ಲಿ ನಿಂತು ಜೋರಾಗಿ ಕೇಳಬೇಡಿ, ಆ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳೂ ಇರುತ್ತಾರೆ.

ತಜ್ಞರೇ ಬರಬೇಕು ಅಂತ ಕಾಯುತ್ತ ಕೂರಬೇಕಿಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತಜ್ಞರಲ್ಲದ ಸ್ಥಳೀಯ ಕಾರ್ಯಕರ್ತರು ಮನೆಗೆ ಹೋಗಿ, ತಾಯಿ ಮಗು ಆಡುವ ವಿಡಿಯೊ ತೆಗೆದು, ಅದನ್ನೇ ತಾಯಿಗೆ ತೋರಿಸಿ ‘ನೋಡಿ, ಇಲ್ಲಿ ನೀವು ಕಾದಿರಿ, ಅವನು ನಿಮ್ಮ ಕಡೆ ನೋಡಿದ’ ಅನ್ನುವ ಹಾಗೆ ಕಲಿಸಿದರು. ತಾಯಂದಿರು ಮಗುವಿಗೆ ಸ್ಪಂದಿಸುವ ರೀತಿ ಸುಧಾರಿಸಿತು, ಮಕ್ಕಳೂ ತಾವಾಗಿ ಮಾತುಕತೆಗೆ ಮುಂದಾಗುವುದು ಹೆಚ್ಚಿತು. ನಮ್ಮ ತಾಲ್ಲೂಕಿನ ಒಬ್ಬ ಪಿಯುಸಿ ಓದಿದ ಹುಡುಗಿಗೂ ತರಬೇತಿ ಕೊಟ್ಟರೆ ಇದು ಬರುತ್ತದೆ.

ಕೊನೆಗೆ ಒಂದು ರಿಜಿಸ್ಟರು ಇಡಿ. ಮಗುವಿನ ಹೆಸರು, ವಯಸ್ಸು, ಮನೆಮಾತು, ಊರಲ್ಲಿರುವ ತಿಂಗಳುಗಳು, ಕಿವಿ ಪರೀಕ್ಷೆ ಆಗಿದೆಯೇ, ಯುಡಿಐಡಿ ಯಾವ ಹಂತದಲ್ಲಿದೆ, ಮಾಸಾಶನ ಬರುತ್ತಿದೆಯೇ, ಶಾಲೆ. ಮನೆಯವರ ಒಪ್ಪಿಗೆ ಇದ್ದರೆ ಮಾತ್ರ ಹೆಸರು ಬರೆಯಿರಿ, ಇಲ್ಲದಿದ್ದರೆ ಸಂಖ್ಯೆ ಸಾಕು. ವರ್ಷಕ್ಕೊಮ್ಮೆ, ಗುಳೆಗೆ ಮುಂಚೆ, ಆ ಸಂಖ್ಯೆಗಳನ್ನು ಒಂದು ಹಾಳೆಗೆ ಇಳಿಸಿ ಪಿಡಿಒ, ಬಿಇಒ ಮತ್ತು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಕೊಡಿ. ನಾಲ್ಕನೇ ಪ್ರತಿಯ ಮೇಲೆ ಮೂವರ ಸ್ವೀಕೃತಿ ಸೀಲು ಹಾಕಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.